ಒಂದು ಸಲ ಎ, ಎರಡು ಸಲ ಆ್ಯನ್

ಪುಷ್ಪಾಳಿಗೆ ಇಂಗ್ಲಿಷ್ ಮೇಲೆ ಸಿಟ್ಟಿದ್ದದ್ದು ಅದು ಕಷ್ಟ ಅಂತಲ್ಲ. ಒಂದು ವಸ್ತುವಿನ ಹೆಸರು ಹೇಳುವ ಮೊದಲು ಅದರ ಬಾಗಿಲಲ್ಲಿ ಯಾರನ್ನು ನಿಲ್ಲಿಸಬೇಕು, ‘ಎ’ಯನ್ನೋ ‘ಆ್ಯನ್’ ಅನ್ನೋ ಅಂತ ತಲೆ ಕೆರೆದುಕೊಳ್ಳಬೇಕಲ್ಲ, ಅದು ಅವಳಿಗೆ ಶುದ್ಧ ಕೊಬ್ಬು ಅನ್ನಿಸುತ್ತಿತ್ತು. ನಮ್ಮಲ್ಲಿ ಕೊಡೆ ಅಂದರೆ ಕೊಡೆ, ತತ್ತಿ ಅಂದರೆ ತತ್ತಿ. ಹಾಸ್ಟೆಲ್ ವಾರ್ಡನ್ ಹುದ್ದೆಯ ಪರೀಕ್ಷೆಯಲ್ಲಿ ಅವಳು ಎರಡು ಸಲ ಬಿದ್ದಿದ್ದಳು, ಎರಡು ಸಲವೂ ಮೂರೋ ನಾಲ್ಕೋ ಅಂಕದಲ್ಲಿ. ವಯಸ್ಸಿನ ಮಿತಿ ಈ ಸಲಕ್ಕೆ ಮುಗಿಯುತ್ತಿತ್ತು. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಹದಿನಾರು ವರ್ಷ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತವಳಿಗೆ ಸೊಂಟ ಆಗಲೇ ಕೈಕೊಟ್ಟಿತ್ತು. ಆ ಗುಂಡಿಯಿಂದ ಎದ್ದು ಬರಲು ಅವಳಿಗೆ ಕಾಣುತ್ತಿದ್ದದ್ದು ಇದೊಂದೇ ದಾರಿ.

ಭಾನುವಾರ ಭಾನುವಾರ ಚಳ್ಳಕೆರೆಗೆ ಹೋಗಿ ಸಂಗಮೇಶ್ ಮೇಷ್ಟ್ರ ಕೋಚಿಂಗ್‌ನಲ್ಲಿ ಕೂರುತ್ತಿದ್ದಳು. ಮೇಷ್ಟ್ರು ಬೋರ್ಡಿಗೆ ಸೀಮೆಸುಣ್ಣ ಕುಟ್ಟಿ ಕುಟ್ಟಿ ಹೇಳುತ್ತಿದ್ದರು. “ಅಕ್ಷರ ನೋಡಬ್ಯಾಡ್ರಿ, ಸದ್ದು ಕೇಳ್ರಿ. ಬಾಯಾಗೆ ಸ್ವರ ಬಂದ್ರೆ ಆ್ಯನ್, ಇಲ್ಲಾಂದ್ರೆ ಎ. ಪ್ರತಿ ಪೇಪರ್‌ನಾಗೂ ಐದು ಮಾರ್ಕು ಇದಕ್ಕೇ ಐತೆ. ಕಣ್ಮುಚ್ಚಿ ತಗಳ್ಬೋದು.”

ಕಣ್ಣು ಮುಚ್ಚುವುದೇ ಪುಷ್ಪಾಳಿಗೆ ಬರುತ್ತಿರಲಿಲ್ಲ. ಓದು ಕಲಿತ ಕಣ್ಣು ಅಕ್ಷರವನ್ನೇ ನೋಡುತ್ತದೆ. ‘ಅವರ್’ ಅನ್ನುವುದನ್ನು ಬರೆಯುವಾಗ ಮುಂದೆ ಒಂದು ಎಚ್ ಕೂತಿರುತ್ತದೆ, ಬಾಯಲ್ಲಿ ಅದು ಇರುವುದಿಲ್ಲ. ಅವಳು ಎಚ್ ನೋಡಿ ಎ ಹಾಕುತ್ತಿದ್ದಳು. ‘ಯೂನಿಫಾರ್ಮ್’ ಅನ್ನುವುದಕ್ಕೆ ಯು ನೋಡಿ ಆ್ಯನ್ ಹಾಕುತ್ತಿದ್ದಳು. ಹಾಕಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಈ ತಾಪತ್ರಯಕ್ಕೆ ದಾರಿ ತೋರಿಸಿದವಳು ಒಂದಕ್ಷರ ಓದದ ಅವಳ ಅತ್ತೆ ಚಿತ್ತಮ್ಮ.

ಅಗಲ ಅಂಚಿನ ರೇಷ್ಮೆ ಸೀರೆಗೆ ಮಗ್ಗದಲ್ಲಿ ಇಬ್ಬರು ಬೇಕು. ಬಲಕ್ಕೆ ಕೂತವರು ಒಡಲಿನ ಲಾಳಿ ಎಸೆಯುತ್ತಾರೆ. ಎಡಕ್ಕೆ ಕೂತವರು ಅದರ ನೂಲಿಗೆ ಅಂಚಿನ ಬಣ್ಣದ ನೂಲು ಕೊಂಡಿ ಹಾಕಿ ತಿರುಗಿ ಕಳಿಸುತ್ತಾರೆ. ಎಡಕ್ಕೆ ಕೂರುತ್ತಿದ್ದ ಚಿತ್ತಮ್ಮನದು ಮೊದಲಿನಿಂದಲೂ ಮಾತು ಕಮ್ಮಿ. ಕೊಂಡಿ ಹಾಕದೆ ಬರೀ ದಾಟಿಸಿದರೆ ಲಾಳಿಯಿಂದ ಹಲಗೆಗೆ ಒಂದು ಸಲ ಕುಟ್ಟುವುದು, ಕೊಂಡಿ ಬಿದ್ದರೆ ಎರಡು ಸಲ. ಎರಡು ಕೇಳಿಸಿತೋ, ಪುಷ್ಪಾ ತಲೆಯೆತ್ತದೆ, ನೂಲು ಬಿಗಿಯಾಗಲೆಂದು ಹಲಗೆ ಎಳೆದು ಬಡಿಯುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಇಡೀ ದಿನ ಜಗಳವಿಲ್ಲದೆ ಕಳೆದದ್ದು ಹೀಗೆ, ಕುಟ್ಟುವುದರಲ್ಲೇ ಮಾತಾಡಿ.

ಒಂದು ದಿನ ಪುಷ್ಪಾ ನೇಯುತ್ತಾ ನೋಟ್‌ಬುಕ್ಕಿನ ಪದಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಮುದುಕಿ ತನ್ನ ತೆಲುಗು ಬೆರೆತ ಮಾತಿನಲ್ಲಿ, “ಏಮೇ ಅದಿ, ಜೀರುಂಡೆ ಹಂಗೆ?” ಏನೇ ಅದು ಅಂತ ಕೇಳಿದಳು. ಪುಷ್ಪಾ ತಮಾಷೆಗೆ ಮೇಷ್ಟ್ರ ಸದ್ದಿನ ಲೆಕ್ಕ ಹೇಳಿಕೊಟ್ಟಳು. ಎ ಅಂದರೆ ಒಂದು ಸಲ ಕುಟ್ಟು, ಆ್ಯನ್ ಅಂದರೆ ಎರಡು ಸಲ. ಚಿತ್ತಮ್ಮನಿಗೆ ನೋಡಲು ಅಕ್ಷರವೇ ಇರಲಿಲ್ಲ, ಇದ್ದದ್ದು ಬರೀ ಕಿವಿ. ವಾರದೊಳಗೆ ಒಂದೂ ತಪ್ಪದೆ ಕುಟ್ಟತೊಡಗಿದಳು. ‘ಅವರ್’ ಅಂದರೆ ಎರಡು. ‘ಯೂನಿಫಾರ್ಮ್’ ಅಂದರೆ ಒಂದು. ಬಿ.ಎ. ಮಾಡಿದ ಸೊಸೆಗೆ ಹೊಟ್ಟೆಯುರಿಯುವಷ್ಟು ಸರಿ.

ಕುಟ್ಟಿದ ಮೇಲೆ ಮುದುಕಿ ಪ್ರತಿ ಸಲ ಕೇಳುತ್ತಿದ್ದಳು, “ಅಂಟೇ ಏಮೇ?” ಹಾಗಂದರೇನೇ ಅಂತ. ಪುಷ್ಪಾಳಿಗೆ ಮುಂದಿನ ಪದದ ಅವಸರ. “ಆಮ್ಯಾಲೆ ಹೇಳ್ತೀನತ್ತಾ,” ಅನ್ನುತ್ತಿದ್ದಳು. ಒಂದಕ್ಕೂ ಹೇಳಲಿಲ್ಲ.

ಚಿತ್ತಮ್ಮ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಮಗ್ಗದ ಮೇಲೆ ಸೀರೆ ಇನ್ನೂ ಒಂದೂವರೆ ಮೊಳ ಬಾಕಿ ಇತ್ತು.

ಹನ್ನೊಂದರ ಕಾರ್ಯ ಮುಗಿದ ದಿನ ಪಕ್ಕದ ಮನೆಯ ದುರುಗಕ್ಕ ಬಂದು ಪುಷ್ಪಾಳನ್ನು ಹಿತ್ತಲಿಗೆ ಕರೆದಳು. ಅವಳೂ ಎಪ್ಪತ್ತು ದಾಟಿದ ನೇಕಾರ್ತಿ. “ನಾಳೆ ಕುಂತು ಆ ಸೀರೆ ಮುಗಿಸಿ ಮಗ್ಗದಿಂದ ಕೊಯ್ದುಬಿಡವ್ವ. ಜೋಡಿ ಕುಂತೋರು ಅರ್ಧಕ್ಕೆ ಹೋದ್ರೆ ಕೆಲ್ಸ ಮುಗಿಯೋಗಂಟ ಅವ್ರ ಜೀವ ಎಡಗಡೀಗೇ ಇರ್ತೈತೆ. ಒಂದು ನೆಪ್ಪಿಟ್ಕೊ. ಮುಗಿಯೋವರ್ಗೂ ಎಡಗಡೆ ತಿರುಗಿ ಏನೂ ಕೇಳಬ್ಯಾಡ. ಕೇಳಿದ್ರೆ ಕರೆದಂಗೆ.”

ಪುಷ್ಪಾ ಆಯ್ತು ಅಂದಳು. ಮಾರನೆಯ ದಿನ ಬೆಳಿಗ್ಗೆ, ಗಂಡ ಓಬಳೇಶ ಕಚ್ಚಾ ರೇಷ್ಮೆ ತರಲು ರಾಂಪುರದ ಕಡೆ ಹೋದ ಮೇಲೆ, ಮಗ್ಗಕ್ಕೆ ಕೂತಳು. ಎಡಗಡೆ ಅತ್ತೆಯ ಗೋಣಿತಾಟು ಹಾಗೇ ಮಡಿಸಿಟ್ಟಿತ್ತು, ಅದರ ಮೇಲೆ ಅಂಚಿನ ಲಾಳಿ. ಪರೀಕ್ಷೆಗೆ ಇನ್ನು ನಾಲ್ಕು ವಾರ. ನೇಯುವ ಹೊತ್ತಿಗೆ ಓದೂ ಆಗಲಿ ಅಂತ ನೋಟ್‌ಬುಕ್ಕನ್ನು ಮಗ್ಗದ ಕಂಬಕ್ಕೆ ಒರಗಿಸಿದ್ದಳು. ಹದಿನಾರು ವರ್ಷದ ಅಭ್ಯಾಸ ಹನ್ನೊಂದು ದಿನಕ್ಕೆ ಹೋಗುತ್ತದೆಯೇ? ಲಾಳಿ ಎಸೆದಳು, ಕಣ್ಣು ಪುಟದ ಮೇಲಿತ್ತು, ಬಾಯಿ ತಂತಾನೇ ಎಡಕ್ಕೆ ತಿರುಗಿ ಕೇಳಿತು: “ಅವರ್?”

ಟಕ್. ಟಕ್.

ಪುಷ್ಪಾ ಪುಟದಿಂದ ಕಣ್ಣೆತ್ತಿ ನೋಡಿದಳು. ಗೋಣಿತಾಟು ಖಾಲಿ. ಲಾಳಿ ಇಟ್ಟಲ್ಲೇ ಇತ್ತು. ಅವಳು ಮಗ್ಗದಿಂದ ಎದ್ದು ಬೀದಿಗೆ ಓಡಿ ಬಂದು ಬಿಸಿಲಲ್ಲಿ ನಿಂತಳು. ಯಾರಿಗಾದರೂ ಹೇಳಬೇಕು ಅಂದುಕೊಂಡಳು, ಹೇಳಲಿಲ್ಲ. ಆಮೇಲೆ ಮಾಡಿದ ಕೆಲಸಕ್ಕೆ ಅವಳು ತನ್ನನ್ನು ಯಾವತ್ತೂ ಕ್ಷಮಿಸಿಕೊಳ್ಳಲಿಲ್ಲ. ಅರ್ಧ ಗಂಟೆ ಬಿಟ್ಟು ಒಳಗೆ ಹೋದಳು, ಬಾಗಿಲು ಮುಂದೆ ಮಾಡಿದಳು, ಮತ್ತೆ ಕೂತಳು. ಈ ಸಲ ಬೇಕಂತಲೇ ಎಡಕ್ಕೆ ತಿರುಗಿ ಕೇಳಿದಳು.

“ಯೂನಿಫಾರ್ಮ್?”

ಟಕ್.

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಓಬಳೇಶ ಆಚೆ ಹೋದ ಮೇಲೆ ಪುಷ್ಪಾ ಮಗ್ಗಕ್ಕೆ ಕೂರುವಳು, ಒಂದೆಳೆಯನ್ನೂ ನೇಯುವುದಿಲ್ಲ. ಮೂರು ಪುಟದಲ್ಲಿ ನಲವತ್ತು ಪದ. ಒಂದೊಂದನ್ನೇ ಕೇಳುವುದು, ಕುಟ್ಟಿದ್ದನ್ನು ಗುರುತು ಹಾಕಿಕೊಳ್ಳುವುದು. ಸೀರೆ ಮುಗಿಸಿದರೆ ಇದು ನಿಂತುಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದೂವರೆ ಮೊಳ ಒಂದೂವರೆ ಮೊಳವಾಗಿಯೇ ಉಳಿಯಿತು. ಗಂಡ ಕೇಳಿದರೆ ಸೊಂಟ ನೋವು ಅಂದಳು, ಎಡಗಡೆ ಕೂರಲು ಜನ ಸಿಕ್ಕಿಲ್ಲ ಅಂದಳು. ಸುಳ್ಳು ಒಂದರ ಹಿಂದೊಂದು ಸಲೀಸಾಗಿ ಬಂದವು.

ಎರಡನೆಯ ವಾರ ಸದ್ದು ಮಗ್ಗದ ಕೋಣೆಯಲ್ಲಷ್ಟೇ ಇರದೆ ಹೊರಗೂ ಬಂತು. ಓಬಳೇಶ ಪಡಸಾಲೆಯಲ್ಲಿ ಊಟಕ್ಕೆ ಕೂತು ಫೋನಿನಲ್ಲಿ ಯಾರಿಗೋ, “ಲೇ, ಆಟೋ ಕಳ್ಸಲೇ ಬೇಗ,” ಅಂದ. ಅವನ ಎಡಕ್ಕಿದ್ದ ತಂಬಿಗೆ ಎರಡು ಸಲ ಟಣ್ ಟಣ್ ಅಂದಿತು. ಆಟೋಗೆ ಆ್ಯನ್. ಪುಷ್ಪಾಳ ಕೈಯಲ್ಲಿದ್ದ ಸೌಟು ನಿಂತಿತು. “ಇಲಿ ಜಾಸ್ತಿಯಾಗ್ಯಾವೆ,” ಅಂತ ಓಬಳೇಶ ಮುದ್ದೆ ಮುರಿದ. ತಾಯಿಯ ಕೈಯ ಸದ್ದು ಅವನಿಗೆ ಗುರುತು ಸಿಗಲಿಲ್ಲ. ಅವನು ಯಾವತ್ತೂ ಅವಳ ಪಕ್ಕ ಮಗ್ಗಕ್ಕೆ ಕೂತವನಲ್ಲ.

ಆದರೆ ಪುಷ್ಪಾಳಿಗೆ ಆ ಸದ್ದಿನ ಒಳಗೂ ಕೇಳಿಸುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಚಿತ್ತಮ್ಮನ ಬೆರಳ ಗಿಣ್ಣುಗಳು ಬಾತುಕೊಂಡಿದ್ದವು. ಒಂದು ಸಲ ಕುಟ್ಟಿ, ನೋವು ನುಂಗಿ, ಒಂದುಸಿರು ಬಿಟ್ಟು ಎರಡನೆಯದನ್ನು ಕುಟ್ಟುತ್ತಿದ್ದಳು. ಈಗಲೂ ಹಾಗೇ. ಟಕ್. ನಡುವೆ ಒಂದುಸಿರಿನ ಬಿಡುವು. ಟಕ್. ಸತ್ತ ಮೇಲೂ ಆ ಬೆರಳಿಗೆ ನೋವು ಹೋಗಿಲ್ಲ ಅಂತ ಅದರ ಅರ್ಥ. ಮೂರನೆಯ ವಾರ ಆ ಬಿಡುವು ಉದ್ದವಾಯಿತು. ಗೋಣಿತಾಟಿನ ನಡುವೆ ಯಾರೋ ಬಹಳ ಹೊತ್ತು ಕೂತು ಎದ್ದ ಹಾಗೆ ತಗ್ಗು ಬಿದ್ದಿತ್ತು, ಕೈಯಿಟ್ಟರೆ ಬೆಚ್ಚಗಿತ್ತು. ಪುಷ್ಪಾ ಅದನ್ನು ನೋಡಿ ಅತ್ತಳು. ಅತ್ತು, ಕಣ್ಣೊರೆಸಿಕೊಂಡು, ನಲವತ್ತು ಪದವನ್ನೂ ಕೇಳಿದಳು.

ದುರುಗಕ್ಕ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಒಂದು ಮಧ್ಯಾಹ್ನ ಬಾಗಿಲು ತಳ್ಳಿಕೊಂಡೇ ಬಂದಳು.

“ಏನವ್ವಾ ಪುಷ್ಪಾ, ಬದುಕಿದ್ದಾಗ ದುಡ್ಸಿದ್ದು ಸಾಲ್ದಾ?”

ಪುಷ್ಪಾ ತಲೆ ತಗ್ಗಿಸಿದಳು. “ಪರೀಕ್ಷೆ ಒಂದು ಮುಗೀಲಿ ದುರುಗಕ್ಕ. ಇನ್ನೊಂದೇ ವಾರ. ಇದೇ ಕೊನೇದು ನಂಗೆ.”

“ನಿಂಗೆ ಕೊನೇದು. ಅವಳಿಗೆ ಕೊನೆ ಯಾವಾಗ?” ದುರುಗಕ್ಕ ಎಡಗಡೆಯ ಗೋಣಿತಾಟಿನ ಕಡೆ ನೋಡಿ ಕೈ ಮುಗಿದು, ಹಿಂದೆ ತಿರುಗದೆ ಹೊರಟುಹೋದಳು.

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಪುಷ್ಪಾ ಚಳ್ಳಕೆರೆ ಬಸ್ಸು ಹತ್ತಿದಳು. ಹೊರಡುವ ಮೊದಲು ಮಗ್ಗದ ಕೋಣೆಗೆ ಹೋಗಿ, “ಇವತ್ತೊಂದು ದಿನ ಬಾರತ್ತಾ, ಬಂದ ಮೇಲೆ ನೇಯ್ದು ಮುಗಿಸ್ತೀನಿ, ಆಣೆ,” ಅಂತ ಎಡಗಡೆಗೆ ಹೇಳಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವಿದ್ದರೂ ಅಲ್ಲಿ ಕೂರದೆ ಈಚೆ ಕೂತಳು. ಅವಳ ಎಡಕ್ಕೆ ಕಿಟಕಿಯ ಸೀಟು ಖಾಲಿ. ತಳಕು ದಾಟುವ ಹೊತ್ತಿಗೆ ಬಸ್ಸು ತುಂಬಿ ಎಂಟು ಹತ್ತು ಜನ ಕಂಬಿ ಹಿಡಿದು ನಿಂತಿದ್ದರು. ಯಾರೂ ಆ ಸೀಟು ಕೇಳಲಿಲ್ಲ. ಒಬ್ಬ ಹೆಂಗಸು ಕೂರಲು ಬಗ್ಗಿದವಳು, ಯಾಕೋ ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಸರಿದಳು.

ಕಂಡಕ್ಟರ್ ಬಂದ. “ಆಧಾರ್ ತೋರ್ಸಮ್ಮ. ಅಜ್ಜೀದೂ ತೋರ್ಸು.”

“ಯಾವಜ್ಜಿ?”

ಅವನು ಕಿಟಕಿಯ ಕಡೆ ನೋಡಿದ, ಕಣ್ಣುಜ್ಜಿಕೊಂಡ. “ಈಗ ಇಲ್ಲೇ ಕುಂತಿದ್ದಂಗಿತ್ತಲ್ಲ,” ಅಂತ ಗೊಣಗಿ, ಅವಳ ಒಂದೇ ಫ್ರೀ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಆಮೇಲೆ ಚಳ್ಳಕೆರೆ ಬರುವವರೆಗೂ ಆ ಕಡೆ ತಲೆ ಹಾಕಲಿಲ್ಲ.

ಪರೀಕ್ಷಾ ಕೇಂದ್ರ ಒಂದು ಕಾಲೇಜು. ಕೊಠಡಿಯಲ್ಲಿ ಒಂದು ಬೆಂಚಿಗೆ ಇಬ್ಬರು. ಪುಷ್ಪಾಳ ನಂಬರು ಬಲ ತುದಿಗೆ, ಎಡ ತುದಿಯ ನಂಬರಿನವರು ಬಂದಿರಲೇ ಇಲ್ಲ. ಪುಷ್ಪಾ ದೇವರನ್ನು ನೆನೆದಳು, ಅತ್ತೆಯನ್ನೂ ನೆನೆದಳು. ಗಂಟೆ ಹೊಡೆಯಿತು, ಪ್ರಶ್ನೆಪತ್ರಿಕೆ ಬಂತು. ಅವಳು ಸಾಮಾನ್ಯ ಜ್ಞಾನ, ಕನ್ನಡ ಎಲ್ಲ ಬಿಟ್ಟು ಮೊದಲು ಇಂಗ್ಲಿಷ್ ಭಾಗಕ್ಕೆ ಪುಟ ಹಾರಿಸಿದಳು.

ಸಮಾನಾರ್ಥಕ ಪದ ಇತ್ತು. ಕಾಲ ಬದಲಿಸುವುದು ಇತ್ತು. ಒಂದು ಉದ್ದನೆಯ ಪತ್ರ ಕೊಟ್ಟು ಅದರ ಮೇಲೆ ಪ್ರಶ್ನೆ ಇತ್ತು. ಎ, ಆ್ಯನ್ ಇರಲಿಲ್ಲ. ಅವಳು ಮತ್ತೆ ಮೊದಲಿಂದ ನೋಡಿದಳು, ಬೆರಳಿಟ್ಟು ಸಾಲು ಸಾಲು ನೋಡಿದಳು. ಒಂದೂ ಇರಲಿಲ್ಲ. ಖಾತ್ರಿ ಐದು ಮಾರ್ಕು ಅಂದಿದ್ದ ಮೇಷ್ಟ್ರ ಮಾತು ಈ ವರ್ಷ ಸುಳ್ಳಾಗಿತ್ತು.

ಪುಷ್ಪಾ ಹೆದರಿದಳು. ಹೆದರಿಕೆ ಅಂಕದ್ದಾಗಿರಲಿಲ್ಲ. ಇದಕ್ಕಾಗಿ, ಬಾರದೇ ಹೋದ ಈ ಪ್ರಶ್ನೆಗಾಗಿ, ಆ ಮುದುಕಿಯನ್ನು ನಾಲ್ಕು ವಾರ ಹೋಗಗೊಡದೆ ಗುಂಡಿಯ ಪಕ್ಕ ಕೂರಿಸಿದ್ದೆ. ನೋಯುವ ಬೆರಳಲ್ಲಿ ದಿನಕ್ಕೆ ನಲವತ್ತು ಪದಕ್ಕೆ ಕುಟ್ಟಿಸಿದ್ದೆ ಅಂತ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡು ಕನ್ನಡದ ಭಾಗ ಬರೆದಳು, ಸಾಮಾನ್ಯ ಜ್ಞಾನ ಅರ್ಧ ಬರೆದಳು. ಎಡಗಡೆ ಸುಮ್ಮನಿತ್ತು, ಕೇಳಲು ಏನೂ ಇರಲಿಲ್ಲವಲ್ಲ.

ಇನ್ನು ಅರ್ಧ ಗಂಟೆ ಅಂತ ಮೇಲ್ವಿಚಾರಕರು ಕೂಗಿದರು. ಆಗ ಎಡಗಡೆಯಿಂದ ಸದ್ದು ಬಂತು.

ಟಕ್, ಟಕ್. ಬಿಡುವು. ಟಕ್, ಟಕ್. ಬಿಡುವು. ಟಕ್. ಬಿಡುವು. ಟಕ್, ಟಕ್.

ಯಾರೂ ಏನೂ ಕೇಳಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ತಿರುಗಿ ನೋಡಿದಳು. ಮೇಲ್ವಿಚಾರಕರು ತಲೆಯೆತ್ತಿ ಫ್ಯಾನು ನೋಡಿದರು. ಪುಷ್ಪಾಳಿಗೆ ಎರಡು ಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಎರಡು, ಎರಡು, ಒಂದು, ಎರಡು. ಆ್ಯಪಲ್, ಎಗ್, ಬುಕ್, ಅಂಬ್ರೆಲಾ. ನೋಟ್‌ಬುಕ್ಕಿನ ಮೊದಲ ಪುಟ, ಮೇಲಿಂದ. ಮುದುಕಿ ತಾನು ಕಲಿತದ್ದನ್ನೆಲ್ಲ ಒಪ್ಪಿಸುತ್ತಿದ್ದಳು. ನಾಲ್ಕನೆಯದಾದ ಮೇಲೆ ನಿಲ್ಲಿಸಿದಳು. ಮತ್ತೆ ಮೊದಲಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಲ್ಲಿಸಿದಳು. ಕುಟ್ಟಿದ ಮೇಲೆ ಚಿತ್ತಮ್ಮ ಯಾವಾಗಲೂ ಏನು ಕೇಳುತ್ತಿದ್ದಳು ಅನ್ನುವುದು ಪುಷ್ಪಾಳಿಗೆ ಆಗ ನೆನಪಿಗೆ ಬಂತು. ಅವಳು ಇಷ್ಟು ದಿನ ಇದ್ದದ್ದು ಸೊಸೆಗೆ ಸಹಾಯ ಮಾಡಲಿಕ್ಕಲ್ಲ. ಬಾಕಿ ಇದ್ದ ಪಾಠ ಕೇಳಲಿಕ್ಕೆ.

ಮುಂದಿದ್ದ ಹಾಳೆಯಲ್ಲಿ ಇಂಗ್ಲಿಷಿನ ಇಡೀ ಭಾಗ ಖಾಲಿ ಇತ್ತು. ಅರ್ಧ ಗಂಟೆಯಲ್ಲಿ ಅದನ್ನು ತುಂಬಿದರೆ ಆಸೆ ಇಟ್ಟುಕೊಳ್ಳಬಹುದಿತ್ತು. ಪುಷ್ಪಾ ಪೆನ್ನಿನ ಟೋಪಿ ಹಾಕಿದಳು. ಎಡಕ್ಕೆ ತಿರುಗಿದಳು.

“ಆ್ಯಪಲ್ ಅಂದ್ರೆ ಸೇಬುಹಣ್ಣು ಅತ್ತಾ,” ಎಂದಳು ಮೆಲ್ಲಗೆ. “ಎಗ್ ಅಂದ್ರೆ ಗುಡ್ಡು, ತತ್ತಿ. ಬುಕ್ಕು ಅಂದ್ರೆ ಪುಸ್ತಕ. ಅಂಬ್ರೆಲಾ ಅಂದ್ರೆ ಗೊಡುಗು, ನಮ್ಮ ಕೊಡೆ.”

ಮುಂದಿನವು ಬಂದವು. ಕುಟ್ಟುವುದು, ಅವಳು ಅರ್ಥ ಹೇಳುವುದು. “ಅವರ್ ಅಂದ್ರೆ ಒಂದು ಗಂಟೆ ಹೊತ್ತು. ಯೂನಿಫಾರ್ಮ್ ಅಂದ್ರೆ ಇಸ್ಕೂಲ್ ಮಕ್ಕಳ ಬಟ್ಟೆ.” ಹೇಳಿದ ಪದ ಮತ್ತೆ ಬರುತ್ತಿರಲಿಲ್ಲ. ಬಾಯಿಪಾಠದಲ್ಲೇ ನೋಟ್‌ಬುಕ್ಕಿನ ಎರಡನೆಯ ಪುಟಕ್ಕೆ ಬಂದರು. ‘ಆನೆಸ್ಟ್’ ಅನ್ನುವುದರ ಸರದಿ ಬಂತು. “ಸುಳ್ಳು ಹೇಳದೋರು ಅಂತ ಅತ್ತಾ. ನನ್ನಂಥೋರಲ್ಲ.” ಕಣ್ಣೀರು ಉತ್ತರದ ಓಎಂಆರ್ ಹಾಳೆಯ ಮೇಲೆ ಬಿದ್ದು, ಪೆನ್ನಿನಿಂದ ತುಂಬಿದ್ದ ಸುತ್ತುಗಳು ಕದಡಿದವು. ಅವಳು ಒರೆಸಲಿಲ್ಲ.

“ಏನ್ರೀ ಅಮ್ಮಾ, ಯಾರ ಜತೆ ಮಾತು?” ಮೇಲ್ವಿಚಾರಕರು ಪಕ್ಕಕ್ಕೇ ಬಂದು ನಿಂತರು. ಬಗ್ಗಿ ಬೆಂಚಿನ ಕೆಳಗೆ ನೋಡಿದರು, ಫೋನ್ ಇರಲಿಲ್ಲ. “ಒಂದ್ಸಲ ಹೇಳ್ತೀನಿ. ಇನ್ನೊಂದ್ಸಲಕ್ಕೆ ಪೇಪರ್ ಕಿತ್ಕೊಳ್ತೀನಿ.”

ಪುಷ್ಪಾ ಆಯ್ತು ಸರ್ ಅಂದಳು. ಅವರು ತಿರುಗಿದ ಕೂಡಲೇ ಮೂರನೆಯ ಪುಟ ಶುರು ಮಾಡಿದಳು. ಎರಡು ಕುಟ್ಟುಗಳ ನಡುವಿನ ಬಿಡುವು ಚಿಕ್ಕದಾಗುತ್ತಿತ್ತು. ಬೆರಳ ನೋವು ಇಳಿಯುತ್ತಿದೆ ಅಂತ ಅವಳಿಗೆ ಗೊತ್ತಾಯಿತು. ಮೂವತ್ತೊಂಬತ್ತು ಮುಗಿದವು. ಕೊನೆಯದಕ್ಕೆ ಮುದುಕಿ ಎರಡು ಸಲ ಕುಟ್ಟಿದಳು. ‘ಏರ್’. ಅದರ ಮುಂದೆಯೂ ಬಾಯಲ್ಲಿಲ್ಲದ ಒಂದು ಎಚ್ ಇದೆ. ಸಂಗಮೇಶ್ ಮೇಷ್ಟ್ರು ಬೋರ್ಡಿನ ಮೇಲೆ ಬರೆದು, ಇದಕ್ಕೆ ಆ್ಯನ್ ಅಂತ ಅಡಿಗೆರೆ ಎಳೆದಿದ್ದರು. ಅದರರ್ಥ ಏನಂತ ಅವರೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

“ಇದು ನಂಗೂ ಗೊತ್ತಿಲ್ಲತ್ತಾ,” ಅಂದಳು.

ಟಕ್, ಟಕ್. ಮುದುಕಿ ಬಿಡುವವಳಲ್ಲ.

ಪುಷ್ಪಾ ಎದ್ದು ನಿಂತಳು. “ಸರ್, ಏರ್ ಅಂದ್ರೆ ಏನ್ ಸರ್? ಎಚ್ ಇಂದ ಶುರುವಾಗೋದು. ಗಾಳಿ ಅಲ್ಲ.”

ಇಡೀ ಕೊಠಡಿ ತಿರುಗಿತು. ಮೇಲ್ವಿಚಾರಕರು ಇಪ್ಪತ್ತು ವರ್ಷ ಪಾಠ ಹೇಳಿದವರಿರಬೇಕು. ಸಿಟ್ಟಿಗಿಂತ ಮೊದಲು ಉತ್ತರ ಬಂದುಬಿಟ್ಟಿತು. “ವಾರಸುದಾರ. ಸತ್ತವರ ಹಿಂದೆ ಅವರದ್ದನ್ನ ಇಟ್ಕೊಳ್ಳೋರು.” ಹೇಳಿ ಎಚ್ಚೆತ್ತವರ ಹಾಗೆ ಕೆಂಪಗಾದರು. “ಏನಂತ ತಿಳ್ಕೊಂಡಿದ್ದೀರಿ ಇದನ್ನ? ಕೊಡ್ರಿ ಪೇಪರ್. ಆಚೆ ನಡೀರಿ.”

ಪುಷ್ಪಾ ಹಾಳೆ ಕೊಟ್ಟಳು. ಕೊಡುವ ಮೊದಲು ಎಡಕ್ಕೆ ಬಗ್ಗಿ, “ವಾರಸುದಾರ್ತಿ ಅತ್ತಾ. ನಿನಗೆ ನಾನು,” ಅಂದಳು.

ಸದ್ದು ಬರಲಿಲ್ಲ. ಪಕ್ಕದಲ್ಲಿ ಕೂತವರು ಎದ್ದು ಹೋದರೆ ಬೆಂಚು ಹಗುರಾಗುತ್ತದಲ್ಲ, ಹಾಗೆ ಆ ಬೆಂಚು ಹಗುರಾಯಿತು.

ಮಧ್ಯಾಹ್ನ ಮನೆಗೆ ಬಂದವಳು ಕೈಕಾಲು ತೊಳೆದು ನೇರ ಮಗ್ಗಕ್ಕೆ ಕೂತಳು. ಬಲಗಡೆ ಲಾಳಿ ಎಸೆದು, ಎದ್ದು, ಎಡಗಡೆಗೆ ಹೋಗಿ ಅಂಚಿನ ಕೊಂಡಿ ಹಾಕಿ, ತಿರುಗಿ ಬಂದು ಹಲಗೆ ಬಡಿಯುವುದು. ಒಬ್ಬಳೇ ಎಷ್ಟು ಸಲ ಎದ್ದು ಕೂತಳೋ. ಓಬಳೇಶ ಬಾಗಿಲಲ್ಲಿ ನಿಂತು, “ಹೆಂಗಾತು ಪರೀಕ್ಷೆ?” ಅಂದ. “ಆಗಲಿಲ್ಲ ಕಣ್ರಿ,” ಅಂದಳು. ಬಿಸಿಲು ಇಳಿಯುವ ಹೊತ್ತಿಗೆ ಸೀರೆ ಮುಗಿಯಿತು. ದುರುಗಕ್ಕನನ್ನು ಕರೆಸಿ, ಅವಳ ಎದುರಿಗೇ ಮಗ್ಗದಿಂದ ಕೊಯ್ದಳು.

ದುರುಗಕ್ಕ ಹೋದ ಮೇಲೆ ಪುಷ್ಪಾ ಖಾಲಿ ಮಗ್ಗದಲ್ಲಿ ಇನ್ನೊಂದು ಗಳಿಗೆ ಕೂತಳು. ಮಾಡಬಾರದ್ದು ಅಂತ ಗೊತ್ತಿದ್ದೂ ಎಡಕ್ಕೆ ತಿರುಗಿದಳು.

“ಅವರ್?” ಎಂದಳು.

ಗೋಡೆಯಾಚೆ ದುರುಗಕ್ಕ ಪಾತ್ರೆ ತೊಳೆಯುತ್ತಿದ್ದಳು, ಬೀದಿಯಲ್ಲಿ ಯಾರದೋ ಬೈಕು ಹೋಯಿತು. ಗೋಣಿತಾಟಿನ ಮೇಲೆ ಕೈಯಿಟ್ಟು ನೋಡಿದಳು, ತಣ್ಣಗಿತ್ತು. ನಾಲ್ಕು ವಾರ ಸದ್ದಿಗೆ ಹೆದರಿದವಳು ಈಗ ಸದ್ದಿಲ್ಲದ್ದಕ್ಕೆ ಹೆದರಿದಳು. ಅತ್ತೆ ಸತ್ತು ನಲವತ್ತು ದಿನವಾದ ಮೇಲೆ, ಅವಳು ಸತ್ತಳು ಅಂತ ಅಂದು ಮೊದಲ ಸಲ ಗೊತ್ತಾಗಿ, ಪುಷ್ಪಾ ಗುಂಡಿಯಲ್ಲಿ ಕಾಲಿಳಿಬಿಟ್ಟುಕೊಂಡೇ ಜೋರಾಗಿ ಅತ್ತಳು.